ವರ್ಕಿಯ ಹಾರ್ನ್ ಯಾವ ಕಡೆ

ಪೇಟೆಯ ಹೆಸರು ಬರೆಯುವುದಿಲ್ಲ. ನರಸಿಂಹರಾಜಪುರ ತಾಲೂಕಿನ ಒಂದು ಪೇಟೆ ಎಂದಷ್ಟೇ ತಿಳಿದುಕೊಳ್ಳಿ. ಹೆಸರು ಹಾಕಬೇಡಿ ಎಂದು ವರ್ಕಿಯೇ ಹೇಳಿದ್ದಾನೆ, ಅವನಿನ್ನೂ ಅಲ್ಲೇ ಬದುಕಬೇಕು. ನನಗೆ ಹಾಕುವ ಆಸೆಯಿತ್ತು. ಪೇಟೆಯದಷ್ಟೇ ಅಲ್ಲ, ಒಂದಷ್ಟು ಮಂದಿಯ ಹೆಸರನ್ನು ಅವರ ಅಪ್ಪನ ಹೆಸರಿನ ಸಮೇತ ಹಾಕುವ ಆಸೆಯಿತ್ತು.

ವರ್ಕಿ ಮೈಕ್ ಸೆಟ್ಟಿನವನು. ಅವನ ಅಪ್ಪ ಅರವತ್ತರ ದಶಕದಲ್ಲಿ ಕೇರಳದಿಂದ ಬಂದು, ಗುಡ್ಡ ಸವರಿ ಮರಗೆಣಸು ಹಾಕಿದವನು. ಮಗನಿಗೆ ಮಣ್ಣಿನ ಕೆಲಸ ಹಿಡಿಸಲಿಲ್ಲ. ರೇಡಿಯೋ ರಿಪೇರಿ ಕಲಿತು, ೧೯೮೨ರಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಆಂಪ್ಲಿಫೈಯರ್, ಎರಡು ಹಾರ್ನ್ ಇಟ್ಟುಕೊಂಡು ಅಂಗಡಿ ತೆರೆದ. ಆಮೇಲೆ ಹಾರ್ನ್ ನಾಲ್ಕಾದವು. ಅಲ್ಲಿಂದ ಮುಂದೆ ಮೂರು ತಾಲೂಕಿನಲ್ಲಿ ಯಾವ ಮದುವೆ, ಯಾವ ಯಕ್ಷಗಾನ, ಯಾವ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದರೂ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಒಂದು ಕೈ ಗುಂಡಿಯ ಮೇಲಿಟ್ಟು ಕೂತಿರುತ್ತಿದ್ದವನು ವರ್ಕಿಯೇ. ಕಾಡಿನ ಜನರನ್ನು ಒಕ್ಕಲೆಬ್ಬಿಸುವ ನೋಟಿಸು ಬಂದಾಗ ನಾವು ಹೋರಾಟದವರು ಕೆರೆಕಟ್ಟೆ ಎಂಬ ಊರಿನಲ್ಲಿ ಸಭೆ ಮಾಡಿದೆವು. ಬಸ್ಸು ಬರಲಿಲ್ಲ. ಹಾರ್ನನ್ನು ತಲೆಯ ಮೇಲೆ ಕೊಡೆಯ ಹಾಗೆ ಹೊತ್ತುಕೊಂಡು ಮಳೆಯಲ್ಲಿ ನಡೆದುಬಂದ. ನಮ್ಮ ಹೋರಾಟದ ಬಗ್ಗೆ ಅವನಿಗೆ ಅಂಥ ಅಭಿಮಾನವೇನೂ ಇರಲಿಲ್ಲ. ಮಾತು ಕೊಟ್ಟಿದ್ದ, ಬಂದ.

ಅವನ ಕೆಲಸಕ್ಕೆ ಎರಡು ಕಟ್ಟಳೆ ಇದ್ದವು.

ಮೊದಲನೆಯದು ಎಲ್ಲ ಮೈಕಿನವರದ್ದೂ ಹೌದು. ಹಾರ್ನ್ ಕಟ್ಟಿ ಮುಗಿದ ಕೂಡಲೇ ಮೊದಲು ಹಾಕುವುದು ಗಣಪತಿ ಹಾಡು. ಮದುವೆಯಿರಲಿ, ಧರಣಿಯಿರಲಿ, ಪಶು ಚಿಕಿತ್ಸಾ ಶಿಬಿರವಿರಲಿ, ಗಣಪತಿಯೇ ಮೊದಲು. ನೀನು ಕ್ರಿಶ್ಚಿಯನ್, ನಿನಗೆ ಇದೆಂತದು ಎಂದು ಒಮ್ಮೆ ಕೆಣಕಿದ್ದೆ.

"ಇದು ನನ್ನ ಅಭ್ಯಾಸ ಅಲ್ಲ ಮಾರಾಯ್ರೆ, ಆಂಪ್ಲಿಫೈಯರ್ದು," ಎಂದ. "ಬೇರೆ ಹಾಡಿಗೆ ಅದು ಬಿಸಿಯೇ ಆಗಲ್ಲ."

ಎರಡನೆಯ ಕಟ್ಟಳೆ ಅವನೊಬ್ಬನದೇ. ಹಾರ್ನ್ ಯಾವ ಕಡೆ ಮುಖ ಮಾಡಬೇಕು ಎನ್ನುವುದನ್ನು ಅವನೇ ತೀರ್ಮಾನಿಸುತ್ತಿದ್ದ. ಬಂದು ಕೂತವರ ಕಡೆ ಮಾತ್ರ. ಎರಡು ಸಾವಿರದ ಒಂದರಲ್ಲಿ ತಾಲೂಕು ಕಚೇರಿಯ ಎದುರು ಧರಣಿ ಕೂತಿದ್ದಾಗ, ಹಾರ್ನನ್ನು ಕಚೇರಿಯ ಕಡೆಗೆ ತಿರುಗಿಸು ಎಂದು ಜಗಳಕ್ಕೇ ಹೋದೆ.

"ಕೂತೋರಿಗೆ ಕೇಳಿದ್ರೆ ಸಾಕು," ಎಂದ ವರ್ಕಿ. "ಬರದೇ ಇರೋರ ಮನೆ ಕಡೆ ತಿರುಗ್ಸಿದ್ರೆ ಅವ್ರು ಕಿಟಕಿ ಹಾಕ್ಕೊಳ್ತಾರೆ."

ನಮ್ಮವನೊಬ್ಬ ಏಣಿ ಹತ್ತಿ ತಾನೇ ತಿರುಗಿಸಿದ. ಐದು ನಿಮಿಷವೂ ಆಗಿರಲಿಲ್ಲ, ಗುಮಾಸ್ತರು ಎದ್ದು ಒಂದೊಂದಾಗಿ ಕಿಟಕಿ ಹಾಕಿಕೊಂಡರು. ಆಮೇಲೆ ಎರಡು ತಾಸು ನಾವು ಮುಚ್ಚಿದ ಹಲಗೆಗಳಿಗೆ ಭಾಷಣ ಮಾಡಿದೆವು. ವರ್ಕಿ ನನ್ನ ಮುಖ ನೋಡಿ ವೈರು ಸುತ್ತತೊಡಗಿದ. ಬೈದಿದ್ದರೆ ಚೆನ್ನಾಗಿತ್ತು.

ಅವನ ಭಕ್ತಿಯೂ ಅದೇ ಬಗೆಯದು. ಅಂಗಿಯೊಳಗೆ ದಾರದಲ್ಲಿ ಒಂದು ಸಣ್ಣ ಶಿಲುಬೆ. ಭಾನುವಾರ ಹೆಂಡತಿ ರೋಸಕುಟ್ಟಿಯ ಜೊತೆ ಚರ್ಚು, ಸಂಜೆ ಮನೆಯಲ್ಲಿ ಜಪಸರ. ಪೇಟೆಯಲ್ಲಿ ಯಾರಿಗೂ ಅವನು ಕ್ರಿಶ್ಚಿಯನ್ ವರ್ಕಿ ಆಗಿರಲಿಲ್ಲ, ಮೈಕ್ ವರ್ಕಿ ಆಗಿದ್ದ. ಇಪ್ಪತ್ತಾರು ವರ್ಷ ಪೇಟೆಯ ಗಣಪತಿಗೆ ಅವನದೇ ಮೈಕು. ಸಮಿತಿಯ ಅಧ್ಯಕ್ಷ ರೇಣುಕಪ್ಪ ಅಡಿಕೆ ಮಂಡಿಯವರು. "ಸ್ವಲ್ಪ ಆ ಕಡೆಗೂ ತಿರುಗ್ಸು ಮಾರಾಯ, ಮಂಡಿಗೆ ಕೇಳ್ಲಿ," ಎಂದು ಪ್ರತಿ ವರ್ಷ ಹೇಳುವರು. ವರ್ಕಿ ಪ್ರತಿ ವರ್ಷ ಚಪ್ಪರದ ಕಡೆಗೇ ಕಟ್ಟುವನು. ವಿಸರ್ಜನೆಯ ದಿನ ಮೊದಲ ಪ್ರಸಾದದ ಪೊಟ್ಟಣ ಆಂಪ್ಲಿಫೈಯರಿನ ಮೇಲೆ ಬಂದು ಕೂರುವುದು. ಅವನಿಗೆ ಆ ಒಂದು ಕೆಲಸ ಬೇರೆಲ್ಲ ಕೆಲಸಕ್ಕಿಂತ ಹೆಚ್ಚು. ಊರು ತನ್ನನ್ನು ಊರಿನವನೆಂದು ಒಪ್ಪಿದೆ ಎನ್ನುವುದಕ್ಕೆ ಅವನ ಹತ್ತಿರ ಇದ್ದ ರುಜುವಾತು ಅದೊಂದೇ. ಅವನಿಗೆ ಜಮೀನಿಲ್ಲ, ಮನೆತನವಿಲ್ಲ, ನಾಲ್ಕು ಹಾರ್ನ್ ಮಾತ್ರ.

೨೦೦೮ರ ಫೆಬ್ರವರಿಯಲ್ಲಿ ಪೇಟೆಯ ಹೊಸ ಪ್ರಾರ್ಥನಾ ಮಂದಿರದವರು ಮೂರು ದಿನದ ಸುವಾರ್ತಾ ಕೂಟ ಇಟ್ಟರು. ವರ್ಕಿಯ ಚರ್ಚಿಗೂ ಇವರಿಗೂ ಸಂಬಂಧವಿಲ್ಲ. ಇವರದು ಚಪ್ಪಾಳೆ, ಡ್ರಮ್ಮು, ಕೈಯೆತ್ತಿ ಕೂಗುವ ಪಂಥ. ಬೆಂಗಳೂರಿನಿಂದ ಒಬ್ಬ ಪಾಸ್ಟರ್ ಬಂದ, ಬಿಳಿ ಬೂಟು, ಬಣ್ಣ ಬಣ್ಣದ ಬ್ಯಾನರು. ಸಂತೆ ಮೈದಾನದಲ್ಲಿ ಶಾಮಿಯಾನ. ಪೊಲೀಸರ ಅನುಮತಿ ಅರ್ಜಿಯಲ್ಲಿ ಮೈಕಿನವನ ಹೆಸರೂ ಬೇಕು, ವರ್ಕಿ ಎಂದಿನಂತೆ ಸಹಿ ಹಾಕಿದ. ಯಾರದೋ ಮದುವೆಗೆ ಹಾಕಿದ ಹಾಗೆಯೇ.

ಮೊದಲ ಸಂಜೆ ನಾಲ್ಕೂ ಹಾರ್ನ್ ಶಾಮಿಯಾನದ ಕಡೆ ಕಟ್ಟಿದ. ಜನ ಬಂದು ಕೂತರು. ಪಾಸ್ಟರ್ ವೇದಿಕೆಯ ಮೇಲೆ ಕಣ್ಣು ಮುಚ್ಚಿ ನಿಂತ. ವರ್ಕಿ ಕೊನೆಯ ವೈರು ಸಿಕ್ಕಿಸಿದ, ಗುಂಡಿ ಒತ್ತಿದ. ಇಪ್ಪತ್ತಾರು ವರ್ಷದ ಕೈ. ಇಡೀ ಸಂತೆ ಮೈದಾನದ ಮೇಲೆ ಗಣಪತಿ ಹಾಡು ಮೊಳಗಿತು.

ಚರ್ಚಿನ ಹಬ್ಬಕ್ಕೆ ಹೋಗುವಾಗ ರೋಸಕುಟ್ಟಿ ಹಿಂದಿನ ದಿನವೇ ಕ್ಯಾಸೆಟ್ ಬದಲಿಸಿಡುತ್ತಿದ್ದಳು. ಇದು ನಮ್ಮ ಚರ್ಚಿನದ್ದಲ್ಲವಲ್ಲ ಎಂದು ಈ ಸಲ ಬದಲಿಸಿರಲಿಲ್ಲ. ಬೇಲಿಯಾಚೆ ನಿಂತಿದ್ದ ಆಟೋದವರು ಬಿದ್ದು ಬಿದ್ದು ನಕ್ಕರು. ಒಬ್ಬ ಕೈ ಮುಗಿದ. ವರ್ಕಿ ನಿಲ್ಲಿಸುವ ಹೊತ್ತಿಗೆ ಒಂದು ಚರಣ ಮುಗಿದಿತ್ತು.

ಪಾಸ್ಟರ್ ಅದನ್ನು ಬಿಡಲಿಲ್ಲ. ಮೈಕಿನಲ್ಲೇ ಹೇಳಿದ, ವರ್ಕಿಯದೇ ಮೈಕಿನಲ್ಲಿ. "ಈ ಊರಲ್ಲಿ ಒಬ್ಬ ಸಹೋದರ ಇದ್ದಾನೆ. ಹೆಸರು ಕ್ರೈಸ್ತನದು. ವಿಗ್ರಹದ ಹಾಡು ಹಾಕೋಕೆ ಅವನಿಗೆ ನಾಚಿಕೆ ಇಲ್ಲ. ಕರ್ತನ ಹೆಸರನ್ನ ಈ ಊರಿಗೆ ಕೇಳಿಸೋಕೆ ಮಾತ್ರ ನಾಚಿಕೆ. ನೋಡಿ, ಹಾರ್ನೆಲ್ಲ ಒಳಗೆ ತಿರುಗಿಸಿದ್ದಾನೆ."

ಮುನ್ನೂರು ಜನ ತಿರುಗಿ ನೋಡಿದರು. ಅಲ್ಲಿಯವರೆಗೆ ಯಾರೂ ವರ್ಕಿಯನ್ನು ತಿರುಗಿ ನೋಡಿದ್ದಿಲ್ಲ. ಮೈಕ್ ಕೆಟ್ಟರೆ ಮಾತ್ರ ನೋಡುತ್ತಿದ್ದರು.

ಮಾರನೆಯ ಬೆಳಿಗ್ಗೆ ಪಾಸ್ಟರ್ ಅಂಗಡಿಗೇ ಬಂದ. ತಪ್ಪಿಗೆ ಪರಿಹಾರವಾಗಿ ಎರಡು ಹಾರ್ನ್ ಬಸ್‌ಸ್ಟ್ಯಾಂಡಿನ ಕಡೆ, ಗಣಪತಿ ಕಟ್ಟೆಯ ಕಡೆ ತಿರುಗಿಸು ಎಂದ. ವರ್ಕಿ ತನ್ನ ಕಟ್ಟಳೆ ಹೇಳಿದ. ಪಾಸ್ಟರ್ ನಕ್ಕು, "ದೀಪ ಹಚ್ಚಿ ಬುಟ್ಟಿ ಮುಚ್ತೀರಾ ಬ್ರದರ್?" ಎಂದ. ವರ್ಕಿ ಆ ಮಾತಿಗೆ ಬಗ್ಗುತ್ತಿರಲಿಲ್ಲವೇನೋ. ಬಗ್ಗಿದ್ದು ರೋಸಕುಟ್ಟಿಗೆ.

"ಊರೋರ ಗಣಪತಿಗೆ ಇಪ್ಪತ್ತಾರು ವರ್ಷ ಕಟ್ಟಿದ್ರಿ," ಎಂದಳು. "ನಮ್ಮ ಯೇಸುಗೆ ಎರಡು ಸಂಜೆ ತಿರುಗ್ಸಿದ್ರೆ ನಿಮ್ಮ ಗಂಟೇನು ಹೋಗುತ್ತೆ? ಅಷ್ಟು ಜನರ ಎದುರು ಅನ್ನಿಸ್ಕೊಂಡು ಬಂದಿದೀರಿ."

ಏಣಿ ಹತ್ತಿ ತಿರುಗಿಸಿದ.

ಎರಡನೆಯ ಸಂಜೆ ಹಾಡು, ಸಾಕ್ಷಿ ಎಂದು ಎದ್ದು ನಿಂತು ಹೇಳುವ ಕುಡಿತ ಬಿಟ್ಟವರ ಕತೆ. ಮೂರನೆಯ ಸಂಜೆ ಪಾಸ್ಟರಿಗೆ ಮತ್ತೇರಿತು. ಕಲ್ಲಿಗೆ ಕಿವಿ ಇದೆಯಾ, ಮಣ್ಣಿನ ಸೊಂಡಿಲಿಗೆ ಪ್ರಾಣ ಇದೆಯಾ ಎಂದು ಶುರು ಮಾಡಿದ. ಅದು ಶಾಮಿಯಾನದೊಳಗೆ ಉಳಿದಿದ್ದರೆ ಕೂತವರ ಕೂಟದ ಮಾತಾಗಿ ಸಾಯುತ್ತಿತ್ತು. ನೇರ ಗಣಪತಿ ಕಟ್ಟೆಗೆ ಹೋಗಿ ಬಡಿಯಿತು. ವರ್ಕಿಯ ಕೈ ಗುಂಡಿಯ ಮೇಲಿತ್ತು. "ಇಳಿಸ್ಬೇಕಿತ್ತು. ಕರೆಂಟ್ ಹೋಯ್ತು ಅಂದಿದ್ರೂ ಆಗ್ತಿತ್ತು," ಎಂದು ಆಮೇಲೆ ನನ್ನ ಹತ್ತಿರ ಹೇಳಿದ. ಇಳಿಸಲಿಲ್ಲ. ಅವತ್ತು ಬಸ್‌ಸ್ಟ್ಯಾಂಡಿನ ಸುತ್ತ ಎಷ್ಟು ಕಿಟಕಿ ಮುಚ್ಚಿದವು ಎಂದು ಅವನು ಎಣಿಸುತ್ತ ಕೂತಿದ್ದ.

ಪಾಸ್ಟರ್ ಮಾರನೆಯ ದಿನ ಬಸ್ಸು ಹತ್ತಿ ಹೋದ. ಇಂಥವರ ಮೇಲೆ ನನ್ನ ಸಿಟ್ಟು ಇದೇ. ಮೂರು ದಿನ ಗುಡುಗುತ್ತಾರೆ, ನಾಲ್ಕನೆಯ ದಿನ ಇರುವುದಿಲ್ಲ. ಅವರ ಧೈರ್ಯದ ಬಾಡಿಗೆಯನ್ನು ಊರಿನಲ್ಲಿ ಉಳಿದವನು ಕಟ್ಟಬೇಕು.

ಆದರೆ ಇನ್ನೊಂದು ಮಾತು ಬರೆಯದಿದ್ದರೆ ನಾನು ಸುಳ್ಳನಾಗುತ್ತೇನೆ. ಆ ಹಾರ್ನ್ ಎಲ್ಲರನ್ನೂ ಓಡಿಸಲಿಲ್ಲ. ಪಕ್ಕದ ನಾರ್ವೆ ಎಂಬ ಹಳ್ಳಿಯ ಪುಟ್ಟಕ್ಕ, ತೋಟದ ಕೂಲಿಯವಳು, ದಲಿತರ ಕೇರಿಯವಳು, ಎರಡನೆಯ ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಕುಡುಕನ ಹೆಂಡತಿಯೊಬ್ಬಳ ಸಾಕ್ಷಿ ಅವಳ ಕಿವಿಗೆ ಬಿತ್ತು. ಬಸ್ಸು ಬಿಟ್ಟು ಮೈದಾನಕ್ಕೆ ಹೋದಳು. ಈಗಲೂ ಭಾನುವಾರ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಾಳೆ.

"ಗಂಡ ಕುಡಿಯೋದು ಬಿಟ್ನಾ ಪುಟ್ಟಕ್ಕ?" ಎಂದು ಕೇಳಿದೆ.

"ಎಲ್ಲಿಂದ ಬಿಡ್ತಾನೆ. ಮೊದ್ಲು ಸಾಲ ಮಾಡಿ ಕುಡೀತಿದ್ದ, ಈಗ ನನ್ನ ಬೈಬಲ್ ಅಡ ಇಡ್ತೀನಿ ಅಂತಾನೆ."

"ಮತ್ತೆ ಯಾಕೆ ಹೋಗ್ತೀಯ?"

"ಅವತ್ತು ಹಿಂದೆ ನಿಂತಿದ್ದೆ. ಒಬ್ಬಮ್ಮ ಎದ್ದು ಬಂದು ಕೈ ಹಿಡ್ಕೊಂಡು ತನ್ನ ಚಾಪೆ ಮೇಲೇ ಕೂರ್ಸಿದ್ಲು. ಯಾವ ಕೇರಿ ಅಂತ ಕೇಳ್ಲಿಲ್ಲ. ಪಾಸ್ಟರ್ ಕೂಗಿದ್ದು ನಂಗೆ ಅರ್ಧ ಅರ್ಥ ಆಗ್ಲಿಲ್ಲ ಕಣಣ್ಣ. ಚಾಪೆ ಅರ್ಥ ಆಯ್ತು."

ಇದೇ ಪುಟ್ಟಕ್ಕನಿಗೆ ತೋಟದ ಮನೆಗಳಲ್ಲಿ ಇವತ್ತಿಗೂ ಕಾಫಿ ತೆಂಗಿನ ಚಿಪ್ಪಿನಲ್ಲಿ. ಮತಾಂತರ ಮತಾಂತರ ಎಂದು ಬೊಬ್ಬೆ ಹೊಡೆಯುವ ಒಬ್ಬನೂ ಅವಳಿಗೆ ಒಂದು ಚಾಪೆ ಹಾಸಿಲ್ಲ. ಅವಳು ಎಲ್ಲಿ ಕೂರಬೇಕು ಎನ್ನುವುದು ಅವಳ ಇಷ್ಟ, ಯಾರಪ್ಪನ ಮನೆಯದ್ದೂ ಅಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಗಾಳಿ ಬದಲಾಗಿತ್ತು. ಮದುವೆಗೆ ಹೇಳಿದ್ದವರು ಬೇರೆಯವರಿಗೆ ಹೇಳಿದ್ದೇವೆ ಎಂದರು. ಸೆಪ್ಟೆಂಬರ್ ಮೊದಲ ವಾರ ಗಣಪತಿ. ಕಂಬ ನೆಡುವ ದಿನ ವರ್ಕಿ ವೈರು ಸುತ್ತಿಕೊಂಡು ಅಂಗಡಿಯಲ್ಲಿ ಕಾದ. ಶಿವಮೊಗ್ಗದಿಂದ ಒಂದು ಲಾರಿ ಬಂತು, ಆಳೆತ್ತರದ ಕಪ್ಪು ಸ್ಪೀಕರ್ ಪೆಟ್ಟಿಗೆಗಳು. ನಾಲ್ಕು ದಿಕ್ಕಿಗೂ ಒಂದೊಂದು. ಒಂದು ನೇರವಾಗಿ ಚರ್ಚಿನ ಬಾಗಿಲಿಗೆ. ಆ ಭಾನುವಾರ ಚರ್ಚಿನ ಒಳಗೆ ಪಾದ್ರಿಗಳ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಯಾರೂ ದೂರು ಕೊಡಲಿಲ್ಲ. ಯಾರ ಭಾವನೆಗೂ ಧಕ್ಕೆಯಾಗಲಿಲ್ಲ. ಸಂಖ್ಯೆ ಹೆಚ್ಚಿದ್ದವರು ಕೂಗಿದರೆ ಅದು ಹಬ್ಬ, ಕಡಿಮೆಯಿದ್ದವರು ಕೂಗಿದರೆ ಅದು ಅಪರಾಧ. ಈ ಲೆಕ್ಕ ನನಗೆ ಈ ವಯಸ್ಸಿನಲ್ಲೂ ಒಪ್ಪಿಸಲು ಬರುವುದಿಲ್ಲ.

ಅದೇ ತಿಂಗಳು ಕರಾವಳಿಯಲ್ಲಿ, ನಮ್ಮ ಜಿಲ್ಲೆಯಲ್ಲಿ ಚರ್ಚುಗಳ ಮೇಲೆ ಕಲ್ಲು ಬಿದ್ದ ಸುದ್ದಿ ಬರುತ್ತಿತ್ತು. ಒಂದು ಮಧ್ಯಾಹ್ನ, ಊಟದ ಹೊತ್ತು, ಹದಿನೈದು ಹುಡುಗರು ವರ್ಕಿಯ ಅಂಗಡಿಗೆ ನುಗ್ಗಿದರು. ಆಂಪ್ಲಿಫೈಯರನ್ನು ಎತ್ತಿ ರಸ್ತೆಗೆ ಬಡಿದರು. ಮೂರು ಹಾರ್ನನ್ನು ಕಲ್ಲಿನಿಂದ ಜಜ್ಜಿದರು. ನಾಲ್ಕನೆಯದು ಅಟ್ಟದ ಮೇಲಿತ್ತು, ಒಂದು ಕಲ್ಲು ಬಿದ್ದು ನೆಗ್ಗಿತು, ಉಳಿಯಿತು. ಅವರಲ್ಲಿ ಇಬ್ಬರ ನಾಮಕರಣಕ್ಕೆ ಮೈಕ್ ಕಟ್ಟಿದ್ದು ವರ್ಕಿಯೇ. ಎದುರಿನ ಹೋಟೆಲ್ ಜಗುಲಿಯ ಮೇಲೆ ರೇಣುಕಪ್ಪ ಚಹಾ ಲೋಟ ಹಿಡಿದು ನಿಂತಿದ್ದರು. ಚಹಾ ಮುಗಿಸಿದರು.

"ನೀವು ಒಂದು ಮಾತು ಹೇಳಿದ್ರೆ ನಿಲ್ತಿದ್ರು," ಎಂದು ವರ್ಕಿ ಅವರಿಗೆ ಹೇಳಿದನಂತೆ.

"ಹುಡುಗ್ರು ಬಿಸಿ ಇದ್ರು ವರ್ಕಿ. ನೀನೂ ಹಾಗೆ ತಿರುಗ್ಸಬಾರ್ದಿತ್ತು."

ಪೊಲೀಸರು ಬಂದರು. ಒಡೆದವರ ಮೇಲೆ ಗುರುತು ಸಿಗದವರು ಎಂದು ಬರೆದುಕೊಂಡರು. ಪೇಟೆಯಲ್ಲಿ ಅವರ ಗುರುತಿಲ್ಲದ ನಾಯಿ ಕೂಡ ಇಲ್ಲ. ಫೆಬ್ರವರಿಯ ಭಾಷಣಕ್ಕೆ ಅದೇ ವಾರ ಒಂದು ದೂರು ಹುಟ್ಟಿಕೊಂಡಿತು, ಧಾರ್ಮಿಕ ಭಾವನೆಗೆ ಧಕ್ಕೆ ಎಂದು. ಪಾಸ್ಟರ್ ವಿಳಾಸ ಪತ್ತೆಯಿಲ್ಲ. ಅರ್ಜಿಯಲ್ಲಿ ಸಹಿ ಇದ್ದವನು ವರ್ಕಿ, ಕೇಸು ವರ್ಕಿಯ ಮೇಲೆ. ಮೈಕ್ ಕಟ್ಟಿದವನ ಮೇಲೆ ಭಾಷಣದ ಕೇಸು ಹಾಕುವುದಾದರೆ ಈ ರಾಜ್ಯದ ಎಲ್ಲ ಮಂತ್ರಿಗಳ ಸುಳ್ಳಿಗೆ ಎಷ್ಟು ಮೈಕಿನವರು ಜೈಲಿನಲ್ಲಿರಬೇಕಿತ್ತು?

ಕೇಸು ವಾಪಸಾಗಲಿ, ಒಡೆದವರನ್ನು ಹಿಡಿಯಲಿ ಎಂದು ನಾವು ನಲವತ್ತು ಮಂದಿ ಠಾಣೆಯ ಎದುರಿನ ಬಯಲಿನಲ್ಲಿ ಕೂತೆವು. ಮೈಕು ಕೊಡಲು ಯಾರೂ ಸಿದ್ಧವಿರಲಿಲ್ಲ. ವರ್ಕಿ ಕೊಪ್ಪದಿಂದ ಒಂದು ಹಳೆಯ ಆಂಪ್ಲಿಫೈಯರ್ ತಂದು, ನೆಗ್ಗಿದ ಹಾರ್ನನ್ನು ಹೆಗಲಿಗೆ ಹಾಕಿಕೊಂಡು ಬಂದ. ಗಣಪತಿ ಹಾಡು ಹಾಕಿದ. ನಮ್ಮವರು ಕೆಲವರು ಮುಖ ಕಿವುಚಿದರು.

"ಯಾಕೋ, ಅವರು ಇಷ್ಟು ಮಾಡಿದ ಮೇಲೂ?" ಎಂದೆ.

"ಒಡೆದಿದ್ದು ರೇಣುಕಪ್ಪನ ಕಡೆಯೋರು. ಗಣಪತಿ ಎಂತ ಮಾಡಿದಾನೆ?"

ಹಾರ್ನ್ ನಮ್ಮ ನಲವತ್ತು ಮಂದಿಯ ಕಡೆಗೇ ಇತ್ತು. ಠಾಣೆಯ ಕಡೆ ತಿರುಗಿಸು ಎನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡೆ. ಅರ್ಧ ಗಂಟೆ ಹೋಯಿತು. ನಾವು ತಮ್ಮ ವಿಷಯವೇ ಮಾತಾಡುತ್ತಿದ್ದೇವೆ ಎಂದು ಠಾಣೆಯವರಿಗೆ ಗೊತ್ತು, ಏನೆಂದು ಸರಿಯಾಗಿ ಕೇಳಿಸದು. ಒಬ್ಬ ಪೇದೆಯನ್ನು ಕಳಿಸಿದರು. ಅವನು ಬದಿಯಲ್ಲಿ ನಿಂತು ಪುಸ್ತಕ ತೆಗೆದ.

"ನಿಂತ್ರೆ ಸರಿ ಕೇಳಲ್ಲ ಸಾರ್," ಎಂದ ವರ್ಕಿ. "ಹಾರ್ನ್ ಕೆಳಗೆ ಮುಖ ಮಾಡಿದೆ. ಕೂತ್ಕೊಳ್ಳಿ."

ಪೇದೆ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. ಆಮೇಲೆ ಆಟೋದವರು ನಾಲ್ಕು ಮಂದಿ, ಹೋಟೆಲಿನವನು. ಪುಟ್ಟಕ್ಕ ಬಂದು ಮುಂದೆಯೇ ಚಾಪೆ ಹಾಸಿ ಕೂತಳು. ಸಂಜೆಯ ಹೊತ್ತಿಗೆ ನಲವತ್ತು ಇದ್ದದ್ದು ನೂರರ ಮೇಲಾಯಿತು. ನನ್ನ ಇಪ್ಪತ್ತೈದು ವರ್ಷದ ಧರಣಿಯಲ್ಲಿ ಯಾರೂ ಕರೆಯದೆ ಜನ ಹೀಗೆ ಹತ್ತಿರ ಬಂದದ್ದು ನೋಡಿರಲಿಲ್ಲ. ಕೊನೆಗೆ ರೇಣುಕಪ್ಪನೂ ಬಂದರು. ಹಿಂದೆ ನಿಂತು, "ಇಲ್ಲಿಗೆ ಎಂತದೂ ಕೇಳಲ್ಲ ಮಾರಾಯ," ಎಂದರು.

"ಮುಂದೆ ಬನ್ನಿ ರೇಣುಕಪ್ಪನೋರೆ. ಪುಟ್ಟಕ್ಕನ ಪಕ್ಕ ಜಾಗ ಇದೆ."

ರೇಣುಕಪ್ಪ ಪುಟ್ಟಕ್ಕನನ್ನು ನೋಡಿದರು, ಚಾಪೆ ನೋಡಿದರು. ನಿಂತಲ್ಲೇ ನಿಂತು, ಸ್ವಲ್ಪ ಹೊತ್ತಿಗೆ ಹೊರಟುಹೋದರು.

ಕೇಸು ವಾಪಸಾಗಲಿಲ್ಲ. ತಿಂಗಳಿಗೊಮ್ಮೆ ವರ್ಕಿ ಕೋರ್ಟಿಗೆ ಹೋಗಿ ನಿಂತು ಬರುತ್ತಾನೆ. ಒಡೆದವರ ಗುರುತು ಇನ್ನೂ ಸಿಕ್ಕಿಲ್ಲ.

ಈ ವರ್ಷ, ೨೦೦೯ರಲ್ಲಿ, ಗಣಪತಿಗೆ ಹದಿನೈದು ದಿನ ಇರುವಾಗ ರೇಣುಕಪ್ಪ ಅಂಗಡಿಗೆ ಬಂದರು. ಶಿವಮೊಗ್ಗದ ಪೆಟ್ಟಿಗೆಗಳ ಸದ್ದಿಗೆ ಮುದುಕರೆಲ್ಲ ಬೈದಿದ್ದರಂತೆ. ನಾನು ಅಲ್ಲೇ ಕೂತಿದ್ದೆ. ರೋಸಕುಟ್ಟಿ ಚಹಾ ತಂದು ಅವರ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟಳು.

"ಆದದ್ದು ಆಯ್ತು. ಈ ಸಲ ನೀನೇ ಕಟ್ಟು ವರ್ಕಿ," ಎಂದರು.

ಇದೇ ಮಾತಿಗಾಗಿ ಅವನು ಒಂದು ವರ್ಷ ಕಾದಿದ್ದ. ನನಗೆ ಗೊತ್ತು. ನೆಗ್ಗಿದ ಹಾರ್ನನ್ನು ಒಳಗಿನಿಂದ ಬಡಿದು ಬಡಿದು ಮಟ್ಟ ಮಾಡಿ, ಬೆಳ್ಳಿ ಬಣ್ಣ ಹೊಡೆದಿಟ್ಟಿದ್ದ.

"ಕಟ್ತೀನಿ," ಎಂದ. "ಚಪ್ಪರದ ಕಡೆಗೇ ಕಟ್ತೀನಿ. ಇನ್ನೊಂದು. ನಾನು ಹತ್ತುವಾಗ ಏಣಿ ಹಿಡಿಯೋಕೆ ಇಬ್ರು ಬೇಕು. ನಾನು ನಾಮಕರಣಕ್ಕೆ ಕಟ್ಟಿದ್ನಲ್ಲ, ಆ ಇಬ್ರನ್ನ ಕಳ್ಸಿ."

ರೇಣುಕಪ್ಪ ಲೋಟ ಕೆಳಗಿಟ್ಟರು. "ಅವ್ರು ಒಪ್ತಾರಾ? ಅವ್ರ ಮರ್ಯಾದೆ ಪ್ರಶ್ನೆ ಅದು."

"ಏಣಿ ಹಿಡಿಯೋದ್ರಲ್ಲಿ ಮರ್ಯಾದೆ ಹೋಗುತ್ತೆ ಅಂದ್ರೆ ನಂದು ಇಪ್ಪತ್ತೇಳು ವರ್ಷದ ಹಿಂದೆಯೇ ಹೋಯ್ತಲ್ಲ."

"ನೀನು ಹಟ ಮಾಡ್ತೀಯ ಮಾರಾಯ."

"ಹಾಗಾದ್ರೆ ಶಿವಮೊಗ್ಗದೋರನ್ನೇ ಕರೀರಿ."

ಶಿವಮೊಗ್ಗದವರನ್ನೇ ಕರೆದರು. ಮತ್ತೆ ನಾಲ್ಕು ದಿಕ್ಕಿಗೆ ಪೆಟ್ಟಿಗೆ, ಮತ್ತೆ ಒಂಬತ್ತು ದಿನ. ವರ್ಕಿ ಬೆಳ್ಳಿ ಬಣ್ಣದ ಹಾರ್ನನ್ನು ಅಟ್ಟಕ್ಕೆ ಹಾಕಿದ. ಮೊದಲ ಸಂಜೆ ಸದ್ದು ಎದ್ದಾಗ ಎದ್ದು ಹೋಗಿ ತನ್ನ ಮನೆಯ ಕಿಟಕಿ ಹಾಕಿಕೊಂಡ. ಅವನ ಕೈಯಿಂದ ಗಣಪತಿ ಹಾಡಿಗೆ ಕಿಟಕಿ ಹಾಕಿಸಿದ್ದು ಈ ಊರಿನ ಸಾಧನೆ. ನನಗೆ ಕೂರಲಾಗಲಿಲ್ಲ. ಪೇಟೆಯಲ್ಲಿ ಒಂದು ಸುತ್ತು ಬಂದೆ. ಚರ್ಚಿನ ಕಿಟಕಿ ಮುಚ್ಚಿತ್ತು. ಪ್ರಾರ್ಥನಾ ಮಂದಿರದ್ದು ಮುಚ್ಚಿತ್ತು. ಅಡಿಕೆ ಮಂಡಿಯ ಹಿಂದೆ, ರೇಣುಕಪ್ಪನ ಮನೆಯ ಐದೂ ಕಿಟಕಿ, ಒಳಗಿನಿಂದ ಚಿಲಕ ಹಾಕಿ, ಮುಚ್ಚಿದ್ದವು.